ಅರಸೀಕೆರೆಯಿಂದ ಬೆಂಗಳೂರು ಎಷ್ಟು ದೂರ?

ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದು ಭೂಪಟ ಬರೆಯುವವರ ರೀತಿ. ದಿನವೂ ಓಡಾಡುವವರು ಅದನ್ನು ಗಂಟೆ, ನಿಮಿಷಗಳಲ್ಲಿ ಅಳೆಯುತ್ತಾರೆ. ರೈಲಿನ ಹಳಿಯ ಮೇಲೆ ಅರಸೀಕೆರೆಯಿಂದ ಬೆಂಗಳೂರಿಗೆ ಸುಮಾರು 165 ಕಿ.ಮೀ. ವೇಗದ ಗಾಡಿಗೆ ಇದು ಎರಡು ಗಂಟೆಗೂ ಸ್ವಲ್ಪ ಹೆಚ್ಚಿನ ಹಾದಿ, ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರಿಗೆ ಮೂರು ಗಂಟೆಗೂ ಮೀರಿದ ಹಾದಿ. ಅದೇ ಬೆಂಗಳೂರಿನೊಳಗೆ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡಿಗೆ ಬಸ್ಸಿನಲ್ಲಿ ಹೊರಟವರು, ವಾಹನ ದಟ್ಟಣೆ ಹೆಚ್ಚಿರುವ ಸಂಜೆಯಲ್ಲಿ, ಎರಡು ಗಂಟೆ ರಸ್ತೆಯಲ್ಲೇ ಕಳೆದದ್ದುಂಟು. ಹಾಗಾದರೆ ಬೆಂಗಳೂರಿಗೆ ಹತ್ತಿರವಿರುವ ಊರು ಯಾವುದು?

ಪಿ.ಯು.ಸಿ. ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಪ್ರತಿವರ್ಷ ಬೇಸಿಗೆಯಲ್ಲಿ ಏಳುವ ಪ್ರಶ್ನೆಗೂ ಇದಕ್ಕೂ ಸಂಬಂಧವಿದೆ. ಮಗನನ್ನೋ ಮಗಳನ್ನೋ ಬೆಂಗಳೂರಿನ ಹಾಸ್ಟೆಲಿಗೆ ಕಳುಹಿಸಬೇಕೇ, ಮನೆಯಿಂದಲೇ ಓಡಾಡುವಂತೆ ಮಾಡಬಹುದೇ? ಮೆಟ್ರೊ ತುಮಕೂರಿನವರೆಗೆ ಬರುತ್ತದಂತೆ, ಉಪನಗರ ರೈಲು ಬರುತ್ತದಂತೆ ಎಂಬ ಸುದ್ದಿಗಳನ್ನು ಓದಿದಾಗ ಈ ಆಸೆ ಚಿಗುರುತ್ತದೆ. ಆ ರೈಲುಗಳು ನಿಜವಾಗಿ ಏನು, ಅವು ಯಾವ ದೂರಕ್ಕೆ ತಕ್ಕವು ಎಂಬುದನ್ನು ತಿಳಿದರೆ ಆಸೆಗೂ ಲೆಕ್ಕಕ್ಕೂ ಇರುವ ಅಂತರ ಸ್ಪಷ್ಟವಾಗುತ್ತದೆ.

ಜಂಕ್ಷನ್ ಆದ ಊರು

ಮೈಸೂರು ಸಂಸ್ಥಾನದಲ್ಲಿ 1876ರಿಂದ 1878ರವರೆಗೆ ಭೀಕರ ಕ್ಷಾಮ ಬಿತ್ತು. ಧಾನ್ಯವನ್ನು ಹಸಿದವರ ಬಳಿಗೆ ಬೇಗ ಸಾಗಿಸಲು ರೈಲುಮಾರ್ಗ ಬೇಕೆಂಬುದು ಆಗ ಎಲ್ಲರ ಅರಿವಿಗೆ ಬಂತು. ಬೆಂಗಳೂರು-ಮೈಸೂರು ಮಾರ್ಗ 1882ರಲ್ಲಿ ಮುಗಿಯಿತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಓಡಿತು. ಅದೇ ಮಾರ್ಗ ತಿಪಟೂರು, ಅರಸೀಕೆರೆ, ಬೀರೂರು ದಾಟಿ 1889ರ ಹೊತ್ತಿಗೆ ಹರಿಹರ ಮುಟ್ಟಿತು. ಮುಂದೆ 1910ರ ದಶಕದ ಕೊನೆಯಲ್ಲಿ ಮೈಸೂರಿನಿಂದ ಹಾಸನದ ಮೂಲಕ ಇನ್ನೊಂದು ಮಾರ್ಗ ಬಂದು ಇಲ್ಲಿ ಕೂಡಿಕೊಂಡಾಗ ಅರಸೀಕೆರೆ ಜಂಕ್ಷನ್ ಆಯಿತು. 1220ರ ಸುಮಾರಿನ ಹೊಯ್ಸಳ ಶಿವಾಲಯಕ್ಕೂ ತೆಂಗಿಗೂ ಹೆಸರಾಗಿದ್ದ ಊರಿಗೆ ರೈಲಿನಿಂದ ಮೂರನೆಯ ಗುರುತು ಸಿಕ್ಕಿತು. ಬೇಲೂರು, ಹಳೇಬೀಡು ನೋಡಲು ಬರುವವರಲ್ಲಿ ಅನೇಕರು ಇಂದಿಗೂ ಇಳಿಯುವುದು ಇಲ್ಲಿಯೇ. ಆ ಎರಡು ದೇಗುಲಗಳೂ ಸೋಮನಾಥಪುರದ ದೇಗುಲವೂ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿದವು.

ಈ ಮಾರ್ಗಗಳೆಲ್ಲ ಮೊದಲು ಮೀಟರ್ ಗೇಜ್, ಎಂದರೆ ಎರಡು ಹಳಿಗಳ ನಡುವಿನ ಅಂತರ 1,000 ಮಿಲಿಮೀಟರ್. 1990ರ ದಶಕದಲ್ಲಿ ಅವನ್ನು 1,676 ಮಿಲಿಮೀಟರಿನ ಬ್ರಾಡ್ ಗೇಜಿಗೆ ಬದಲಾಯಿಸಲಾಯಿತು. ಆ ಕಾಲದಲ್ಲಿ ಹಾಸನದವರು ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕಾದರೆ ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಿಯೇ ಹೋಗಬೇಕಿತ್ತು. 2017ರ ಮಾರ್ಚ್‌ನಲ್ಲಿ ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲದ ಮೂಲಕ ಹಾಸನಕ್ಕೆ ನೇರ ಮಾರ್ಗ ತೆರೆಯಿತು. ಇತ್ತ ಬೆಂಗಳೂರು-ಹುಬ್ಬಳ್ಳಿ ಮಾರ್ಗಕ್ಕೆ ಈಚಿನ ವರ್ಷಗಳಲ್ಲಿ ಜೋಡಿ ಹಳಿಯೂ ವಿದ್ಯುತ್ ತಂತಿಯೂ ಬಂದಿವೆ. ಹಳಿ ಎರಡಾಯಿತು, ಕರೆಂಟು ಬಂತು. ಇನ್ನು ಮುಂಬಯಿಯ ಹಾಗೆ ಹತ್ತು ನಿಮಿಷಕ್ಕೊಂದು ರೈಲು ಬಿಡಲು ಅಡ್ಡಿ ಏನು ಎಂದು ಕೇಳುವುದು ಸಹಜ. ಅಡ್ಡಿ ಇದೆ. ಅದನ್ನು ತಿಳಿಯಲು ರೈಲುಗಳ ಜಾತಿ ತಿಳಿಯಬೇಕು.

ಮೂರು ಬಗೆಯ ರೈಲು

ಮೊದಲನೆಯದು ಮೆಟ್ರೊ. ಊರೊಳಗಿನ ಓಡಾಟಕ್ಕಾಗಿಯೇ ಕಟ್ಟಿದ, ಬೇರಾವ ರೈಲೂ ಕಾಲಿಡದ ಮಾರ್ಗ ಇದರದು. ಸುಮಾರು ಒಂದು ಕಿಲೋಮೀಟರಿಗೊಂದು ನಿಲ್ದಾಣ, ಕೆಲವೇ ನಿಮಿಷಕ್ಕೊಂದು ಗಾಡಿ. ಜಗತ್ತಿನ ಮೊದಲ ಇಂಥ ರೈಲು ಲಂಡನ್ನಿನಲ್ಲಿ 1863ರ ಜನವರಿ 10ರಂದು ನೆಲದಡಿಯಲ್ಲಿ ಓಡಿತು, ಅದೂ ಹಬೆ ಇಂಜಿನ್ ಕಟ್ಟಿಕೊಂಡು. ಹೊಗೆ ತುಂಬಿದ ಆ ಸುರಂಗದಲ್ಲಿ ಮೊದಲ ದಿನವೇ ಸುಮಾರು 38,000 ಜನ ಪ್ರಯಾಣ ಮಾಡಿದರಂತೆ. ಭಾರತದ ಮೊದಲ ಮೆಟ್ರೊ ಕಲ್ಕತ್ತೆಯದು, 1984ರ ಅಕ್ಟೋಬರ್ 24ರಂದು ಆರಂಭವಾಯಿತು. ಬೆಂಗಳೂರಿನ 'ನಮ್ಮ ಮೆಟ್ರೊ' 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೊದಲು ಓಡಿತು. 42.3 ಕಿ.ಮೀ. ಉದ್ದದ ಮೊದಲ ಹಂತ 2017ರ ಜೂನ್‌ನಲ್ಲಿ ಪೂರ್ಣವಾಯಿತು.

ಎರಡನೆಯದು ಉಪನಗರ ರೈಲು. ಮುಂಬಯಿಯವರು 'ಲೋಕಲ್' ಎನ್ನುವುದು ಇದನ್ನೇ. ಸುತ್ತಲಿನ ಊರುಗಳಿಂದ ಬೆಳಿಗ್ಗೆ ಜನರನ್ನು ನಗರಕ್ಕೆ ತಂದು ಸಂಜೆ ಹಿಂದಕ್ಕೆ ಮುಟ್ಟಿಸುವುದು ಇದರ ಕೆಲಸ. ನಿಲ್ದಾಣಗಳ ನಡುವೆ ಎರಡು-ಮೂರು ಕಿ.ಮೀ. ಅಂತರ. ಒಟ್ಟು ಹಾದಿ ಸಾಮಾನ್ಯವಾಗಿ 30ರಿಂದ 60 ಕಿ.ಮೀ.; ಮುಂಬಯಿಯಂಥ ಕಡೆ ನೂರರ ಆಚೆಗೂ ಹೋಗಿದೆ.

ಮೂರನೆಯದು ಅರಸೀಕೆರೆಯವರಿಗೆ ಚಿರಪರಿಚಿತವಾದ ಪ್ಯಾಸೆಂಜರ್ ಗಾಡಿ. ಎಕ್ಸ್‌ಪ್ರೆಸ್ಸುಗಳೂ ಗೂಡ್ಸು ಗಾಡಿಗಳೂ ಓಡುವ ಹಳಿಯ ಮೇಲೆಯೇ ಇದೂ ಓಡಬೇಕು. ಹಿಂದಿನಿಂದ ವೇಗದ ಗಾಡಿ ಬಂದರೆ ಯಾವುದೋ ಸಣ್ಣ ನಿಲ್ದಾಣದ ಪಕ್ಕದ ಹಳಿಗೆ ಸರಿದು ಕಾಯಬೇಕು. ಗಾಡಿಯೇನೂ ಕೆಟ್ಟಿರುವುದಿಲ್ಲ, ದಾರಿ ಬಿಡುವ ಸರದಿ ಅದರದಾಗಿರುತ್ತದೆ, ಅಷ್ಟೆ.

ಎರಡು ನಿಲ್ದಾಣಗಳ ನಡುವೆ ಒಂದು ದಿಕ್ಕಿನಲ್ಲಿ ಒಮ್ಮೆಗೆ ಒಂದೇ ಗಾಡಿ ಇರಬೇಕೆಂಬುದು ರೈಲ್ವೆಯ ಹಳೆಯ ಸುರಕ್ಷತಾ ನಿಯಮ. ನಿಲ್ದಾಣಗಳು ಏಳೆಂಟು ಕಿ.ಮೀ. ದೂರವಿದ್ದರೆ, ಮುಂದಿನ ಗಾಡಿ ಅಷ್ಟು ದೂರ ಸಾಗುವವರೆಗೆ ಹಿಂದಿನದು ಹೊರಡುವಂತಿಲ್ಲ. ನಡುವೆ ತಾವಾಗಿಯೇ ಬದಲಾಗುವ ಸಿಗ್ನಲ್‌ಗಳನ್ನು ನೆಟ್ಟು ಹಾದಿಯನ್ನು ಸಣ್ಣ ತುಂಡುಗಳಾಗಿ ವಿಂಗಡಿಸಿದರೆ ಗಾಡಿಗಳನ್ನು ಹತ್ತಿರ ಹತ್ತಿರ ಬಿಡಬಹುದು. ಆಗಲೂ ನಿಧಾನದ ಗಾಡಿಯ ಬೆನ್ನಿಗೆ ವೇಗದ ಗಾಡಿ ಬಂದರೆ ತೊಡಕು ತಪ್ಪಿದ್ದಲ್ಲ. ಆದಕಾರಣ ನಿಜವಾದ ಉಪನಗರ ರೈಲಿಗೆ ಪ್ರತ್ಯೇಕ ಹಳಿ ಬೇಕು. ಮುಂಬಯಿಯಲ್ಲಿ ನಿಧಾನದ ಲೋಕಲ್‌ಗೂ ವೇಗದ ಲೋಕಲ್‌ಗೂ ಬೇರೆ ಬೇರೆ ಜೋಡಿ ಹಳಿಗಳಿವೆ.

ಒಂದು ಸಣ್ಣ ಲೆಕ್ಕ

ವಿದ್ಯಾರ್ಥಿಗಳು ಭೌತಶಾಸ್ತ್ರದಲ್ಲಿ ಕಲಿತ ವೇಗೋತ್ಕರ್ಷ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡು ನಿಲ್ದಾಣಗಳ ನಡುವೆ 1,200 ಮೀಟರ್ ಇದೆ ಎಂದುಕೊಳ್ಳಿ. ಗಾಡಿಯ ಗರಿಷ್ಠ ವೇಗ ಸೆಕೆಂಡಿಗೆ 20 ಮೀಟರ್, ಎಂದರೆ ಗಂಟೆಗೆ 72 ಕಿ.ಮೀ. ಮೊದಲನೆಯ ಗಾಡಿಯ ವೇಗ ಪ್ರತಿ ಸೆಕೆಂಡಿಗೆ 1 ಮೀಟರಿನಂತೆ ಏರುತ್ತದೆ, ಅಷ್ಟೇ ಚುರುಕಾಗಿ ಇಳಿಯುತ್ತದೆ. ಅದು 20 ಸೆಕೆಂಡಿನಲ್ಲಿ 200 ಮೀಟರ್ ಹೋಗಿ ಪೂರ್ಣ ವೇಗ ಪಡೆಯುತ್ತದೆ. ಕೊನೆಯ 200 ಮೀಟರನ್ನು ಬ್ರೇಕ್ ಹಾಕುತ್ತ 20 ಸೆಕೆಂಡಿನಲ್ಲಿ ಮುಗಿಸುತ್ತದೆ. ನಡುವಿನ 800 ಮೀಟರಿಗೆ 40 ಸೆಕೆಂಡು. ಒಟ್ಟು 80 ಸೆಕೆಂಡು.

ಎರಡನೆಯ ಗಾಡಿಯ ಗರಿಷ್ಠ ವೇಗವೂ ಬ್ರೇಕೂ ಅಷ್ಟೇ. ಆದರೆ ಅದರ ವೇಗ ಏರುವುದು ಸೆಕೆಂಡಿಗೆ ಕಾಲು ಮೀಟರಿನಂತೆ ಮಾತ್ರ. ಪೂರ್ಣ ವೇಗಕ್ಕೆ ಬರಲು ಅದಕ್ಕೆ 80 ಸೆಕೆಂಡು ಬೇಕು. ಅಷ್ಟರಲ್ಲಿ 800 ಮೀಟರ್ ಮುಗಿದಿರುತ್ತದೆ. ಉಳಿದ 200 ಮೀಟರಿಗೆ 10 ಸೆಕೆಂಡು, ಬ್ರೇಕಿಗೆ 20 ಸೆಕೆಂಡು. ಒಟ್ಟು 110 ಸೆಕೆಂಡು. ಒಂದು ನಿಲ್ದಾಣಕ್ಕೆ 30 ಸೆಕೆಂಡಿನ ವ್ಯತ್ಯಾಸ ಸಣ್ಣದೆನಿಸಬಹುದು. ಇಪ್ಪತ್ತು ನಿಲ್ದಾಣಗಳಾದರೆ ಅದು ಹತ್ತು ನಿಮಿಷ. ಹೋಗಿ ಬರುವುದಕ್ಕೆ ಇಪ್ಪತ್ತು ನಿಮಿಷ.

ಈ ಚುರುಕು ಬರುವುದು ಹೇಗೆ? ಸಾಮಾನ್ಯ ಗಾಡಿಯಲ್ಲಿ ಇಂಜಿನ್ನಿನ ಚಕ್ರಗಳು ಮಾತ್ರ ಹಳಿಯನ್ನು ತಳ್ಳುತ್ತವೆ. ಹಿಂದಿನ ಬೋಗಿಗಳದ್ದು ಬರಿಯ ಉರುಳಾಟ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಸಿಗುವ ಹಿಡಿತ ಕಡಿಮೆ. ಹೆಚ್ಚು ಬಲ ಹಾಕಿದರೆ ಚಕ್ರ ನಿಂತಲ್ಲೇ ತಿರುಗೀತು. ಮೆಟ್ರೊ, ಲೋಕಲ್ ಹಾಗೂ 'ಮೆಮು' ಗಾಡಿಗಳಲ್ಲಿ ಪ್ರತ್ಯೇಕ ಇಂಜಿನ್ ಇಲ್ಲ. ಹಲವು ಬೋಗಿಗಳ ಅಡಿಯಲ್ಲಿಯೇ ವಿದ್ಯುತ್ ಮೋಟಾರುಗಳಿರುತ್ತವೆ. ಹೆಚ್ಚು ಚಕ್ರಗಳು ತಳ್ಳುವುದರಿಂದ ಹಿಡಿತವೂ ಹೆಚ್ಚು, ಚುರುಕೂ ಹೆಚ್ಚು. ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವ ಕಾರಣ ಇಂಜಿನ್ ಬಿಚ್ಚಿ ಇನ್ನೊಂದು ಕಡೆ ಕಟ್ಟುವ ಕೆಲಸವೂ ಇಲ್ಲ. 2024ರಲ್ಲಿ ಯಶವಂತಪುರ-ತುಮಕೂರು ನಡುವೆ ಇಂಥ ಮೆಮು ಗಾಡಿ ಆರಂಭವಾಯಿತು.

ಮುಂಬಯಿಯ ಪಾಠ

ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿತು. ಆ ನಗರ ಉದ್ದಕ್ಕೆ ಬೆಳೆದದ್ದೇ ಲೋಕಲ್ ಹಳಿಯನ್ನು ಹಿಡಿದು. ಕರಾವಳಿಯಿಂದ ಹೋದ ಕನ್ನಡಿಗರು ಹಗಲು ಹೋಟೆಲುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಮುಂದೆ ಸಂಸಾರವಾದಾಗ ಡೊಂಬಿವಲಿ, ಮುಲುಂಡ್‌ಗಳಲ್ಲಿ ಮನೆ ಮಾಡಿದರು. ಕೆಲಸ ಕೋಟೆಯಲ್ಲಿ, ಮನೆ ಮೂವತ್ತು-ನಲವತ್ತು ಕಿ.ಮೀ. ಆಚೆ. ಲೋಕಲ್ ಇಲ್ಲದಿದ್ದರೆ ಆ ಸಂಬಳದಲ್ಲಿ ಆ ಬದುಕು ಸಾಧ್ಯವಿರಲಿಲ್ಲ.

ಆದರೆ ಆ ಪಾಠಕ್ಕೆ ಇನ್ನೊಂದು ಮಗ್ಗುಲೂ ಇದೆ. ಜನ ಹೆಚ್ಚಿದಷ್ಟು ಗಾಡಿಗಳು ಹೆಚ್ಚಲಿಲ್ಲ. ತೆರೆದ ಬಾಗಿಲಲ್ಲಿ ಜೋತುಬಿದ್ದು ಹೋಗುವುದು ಅಲ್ಲಿ ರೂಢಿಯಾಯಿತು. 2025ರ ಜೂನ್‌ನಲ್ಲಿ ಮುಂಬ್ರಾದ ಬಳಿ ಕಿಕ್ಕಿರಿದ ಲೋಕಲ್‌ಗಳಿಂದ ಹಲವರು ಹಳಿಯ ಮೇಲೆ ಬಿದ್ದು, ಕೆಲವರು ಪ್ರಾಣ ಕಳೆದುಕೊಂಡರು. ರೈಲು ಬಂದ ಮೇಲೆ ಊರು ಬೆಳೆಯುತ್ತದೆ. ಊರು ಬೆಳೆದ ಮೇಲೂ ರೈಲು ಬೆಳೆಯುತ್ತಿರಬೇಕು.

ನಲವತ್ತು ವರ್ಷದ ಕಡತ

ಬೆಂಗಳೂರಿಗೆ ಉಪನಗರ ರೈಲು ಬೇಕೆಂಬುದು ಹೊಸ ಮಾತಲ್ಲ. 1983ರಲ್ಲಿಯೇ ದಕ್ಷಿಣ ರೈಲ್ವೆಯ ತಂಡವೊಂದು ಇದನ್ನು ಶಿಫಾರಸು ಮಾಡಿತ್ತು. ಕಡತ ಮೇಜಿನಿಂದ ಮೇಜಿಗೆ ಸಾಗಿತು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 15,767 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಟ್ಟು 148 ಕಿ.ಮೀ., ನಾಲ್ಕು ಮಾರ್ಗ, ನಾಲ್ಕಕ್ಕೂ ಹೂವಿನ ಹೆಸರು. ಬೆಂಗಳೂರು-ದೇವನಹಳ್ಳಿ ಮಾರ್ಗ 'ಸಂಪಿಗೆ', ಬೈಯಪ್ಪನಹಳ್ಳಿ-ಚಿಕ್ಕಬಾಣಾವರ 'ಮಲ್ಲಿಗೆ', ಕೆಂಗೇರಿ-ವೈಟ್‌ಫೀಲ್ಡ್ 'ಪಾರಿಜಾತ', ಹೀಲಲಿಗೆ-ರಾಜಾನುಕುಂಟೆ 'ಕನಕ'. 2022ರ ಜೂನ್ 20ರಂದು ಪ್ರಧಾನಿಯವರು ಶಂಕುಸ್ಥಾಪನೆ ಮಾಡಿ 40 ತಿಂಗಳ ಗಡುವನ್ನು ಹೇಳಿದರು. ಆ ಗಡುವಿನೊಳಗೆ ನಾಲ್ಕರಲ್ಲಿ ಒಂದು ಮಾರ್ಗವೂ ಮುಗಿಯಲಿಲ್ಲ.

ಹೆಸರಿನ ವಿಷಯ ಬಂದಾಗ ಒಂದು ಸ್ವಾರಸ್ಯ. ತುಮಕೂರು ಜಿಲ್ಲೆಯಲ್ಲಿ ಅಮ್ಮಸಂದ್ರಕ್ಕೂ ನಿಟ್ಟೂರಿಗೂ ನಡುವೆ 'ಸಂಪಿಗೆ ರೋಡ್' ಎಂಬ ಪುಟ್ಟ ರೈಲು ನಿಲ್ದಾಣವಿದೆ. ಬೆಂಗಳೂರಿನ ಮಲ್ಲೇಶ್ವರದ ಮೆಟ್ರೊ ನಿಲ್ದಾಣದ ಹೆಸರಿನಲ್ಲಿಯೂ ಸಂಪಿಗೆ ರಸ್ತೆ ಇದೆ. ಈಗ 'ಸಂಪಿಗೆ' ಮಾರ್ಗವೂ ಸೇರಿತು. ಅರಸೀಕೆರೆಯ ಪ್ಯಾಸೆಂಜರ್ ನಿಲ್ಲುವುದು ಮೊದಲನೆಯದರಲ್ಲಿ.

ನಾಲ್ಕು ಮಾರ್ಗಗಳಲ್ಲಿ ಅರಸೀಕೆರೆಯ ದಿಕ್ಕಿಗೆ ಚಾಚಿರುವುದು 'ಮಲ್ಲಿಗೆ'. ಅದೂ ನಿಲ್ಲುವುದು ಚಿಕ್ಕಬಾಣಾವರದಲ್ಲಿ. ಇನ್ನು ಮೆಟ್ರೊ. ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ನಾಗಸಂದ್ರದಿಂದ ಮಾದಾವರದವರೆಗೆ ಬಂತು. ಅಲ್ಲಿಂದ ತುಮಕೂರಿಗೆ ವಿಸ್ತರಿಸುವ ಸಾಧ್ಯತೆಯನ್ನು ಪರಿಶೀಲಿಸುವುದಾಗಿ ರಾಜ್ಯ ಸರ್ಕಾರ 2024ರ ಬಜೆಟ್ಟಿನಲ್ಲಿ ಹೇಳಿತು.

ಇಲ್ಲಿ ಎರಡು ಅಂಕಿಗಳನ್ನು ಹೋಲಿಸಿ ನೋಡಬೇಕು. ಮೆಟ್ರೊ ಮೊದಲ ಹಂತಕ್ಕೆ ಸುಮಾರು 14,000 ಕೋಟಿ ರೂಪಾಯಿ ಖರ್ಚಾಯಿತು, ಕಿಲೋಮೀಟರಿಗೆ ಸುಮಾರು 330 ಕೋಟಿ. ಉಪನಗರ ರೈಲಿನ ಮಂಜೂರಾದ ಅಂದಾಜು ಕಿಲೋಮೀಟರಿಗೆ ಸುಮಾರು 106 ಕೋಟಿ. ಸುರಂಗ ಕೊರೆಯುವ ಖರ್ಚು ಒಂದರಲ್ಲಿದೆ, ಇನ್ನೊಂದರಲ್ಲಿ ಹೆಚ್ಚಾಗಿ ರೈಲ್ವೆಯ ಜಾಗವನ್ನೇ ಬಳಸುವ ಅನುಕೂಲವಿದೆ. ಎರಡರ ಕಾಲವೂ ಬೇರೆ. ಆದರೂ ಹೊಲ, ತೋಟಗಳ ನಡುವೆ ಹತ್ತಾರು ಕಿ.ಮೀ. ಸಾಗುವ ಹಾದಿಗೆ ಯಾವುದು ತಕ್ಕದ್ದು ಎಂಬ ಪ್ರಶ್ನೆಗೆ ಈ ಅಂಕಿಗಳು ಸೂಚನೆ ಕೊಡುತ್ತವೆ. ಆರು ಬೋಗಿಯ ಮೆಟ್ರೊ ಗಾಡಿ ಸುಮಾರು 2,000 ಜನರನ್ನು ಒಯ್ಯಬಲ್ಲದು. ಬಸ್ಸಿಗೆ 50 ಜನರಂತೆ 40 ಬಸ್ಸುಗಳಿಗೆ ಸಮ. ಆ ಗಾಡಿಗಳು ಪದೇ ಪದೇ ತುಂಬುವಷ್ಟು ಜನ ಹಾದಿಯುದ್ದಕ್ಕೂ ಇದ್ದರೆ ಮಾತ್ರ ಹಾಕಿದ ಹಣಕ್ಕೆ ಸಾರ್ಥಕ್ಯ. ಜತೆಗೆ ಮೆಟ್ರೊದಲ್ಲಿ ಹೆಚ್ಚಿನವರು ನಿಂತೇ ಹೋಗುತ್ತಾರೆ, ಗಾಡಿಯಲ್ಲಿ ಶೌಚಾಲಯವಿಲ್ಲ. ಅರ್ಧ-ಮುಕ್ಕಾಲು ಗಂಟೆಗೆ ಇದು ಸರಿ. ಎರಡು ಗಂಟೆಗೆ ಅಲ್ಲ.

ದೂರದ ಊರುಗಳಿಗೆಂದು ಇನ್ನೊಂದು ಬಗೆಯೂ ಬಂದಿದೆ. ದೆಹಲಿ-ಮೀರತ್ ನಡುವಿನ 82 ಕಿ.ಮೀ. ಮಾರ್ಗದ ಮೊದಲ ಭಾಗ 2023ರ ಅಕ್ಟೋಬರ್‌ನಲ್ಲಿ ತೆರೆಯಿತು. ಅಲ್ಲಿನ ಗಾಡಿಗಳು ಗಂಟೆಗೆ 160 ಕಿ.ಮೀ. ವೇಗ ಮುಟ್ಟುತ್ತವೆ. ಆದರೆ ಅದು ಕೂಡ ಪ್ರತ್ಯೇಕ ಹಳಿಯ, ಭಾರಿ ವೆಚ್ಚದ ಏರ್ಪಾಡು. ಅರಸೀಕೆರೆಯ ಹಾದಿ ಅದರ ಎರಡರಷ್ಟು.

ಪಾಸು ನಿಲ್ಲುವ ಗೆರೆ

ದಿನವೂ ಓಡಾಡುವವರಿಗೆ ರೈಲ್ವೆ ಇಲಾಖೆ ಕೊಡುವ ದೊಡ್ಡ ನೆರವು ಸೀಸನ್ ಟಿಕೆಟ್, ಜನರ ಮಾತಿನಲ್ಲಿ 'ಪಾಸು'. ತಿಂಗಳಿಗೊಮ್ಮೆ ಹಣ ಕಟ್ಟಿದರೆ ಸಾಕು, ದಿನದಿನದ ಟಿಕೆಟ್ಟಿಗಿಂತ ಬಹಳ ಅಗ್ಗ. ವಿದ್ಯಾರ್ಥಿಗಳಿಗೆ ಇನ್ನೂ ರಿಯಾಯಿತಿ ಉಂಟು. ಮನೆಯಿಂದ ಶಾಲೆ-ಕಾಲೇಜಿಗೆ ಹೋಗಿ ಬರಲು ಹೆಣ್ಣುಮಕ್ಕಳಿಗೆ ಪದವಿಯವರೆಗೂ ಗಂಡುಮಕ್ಕಳಿಗೆ ಹನ್ನೆರಡನೆಯ ತರಗತಿಯವರೆಗೂ ಎರಡನೆಯ ದರ್ಜೆಯ ಉಚಿತ ಮಾಸಿಕ ಪಾಸಿನ ಸೌಲಭ್ಯವನ್ನು ರೈಲ್ವೆ ಮಾಡಿದೆ. ಶಾಲೆ-ಕಾಲೇಜಿನ ದೃಢೀಕರಣ ಪತ್ರದೊಂದಿಗೆ ನಿಲ್ದಾಣದಲ್ಲಿ ವಿಚಾರಿಸಬೇಕು. ಗೊತ್ತಿಲ್ಲದೆ ಇದನ್ನು ಬಿಡುವ ಮನೆಗಳು ಕಡಿಮೆಯಿಲ್ಲ.

ಬೆಂಗಳೂರಿನ ಮೆಟ್ರೊದಲ್ಲಿ 2025ರ ಫೆಬ್ರವರಿಯಲ್ಲಿ ದರ ಪರಿಷ್ಕರಣೆಯಾದಾಗ ಒಂದು ಬಾರಿಯ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಇದರ ಪಕ್ಕದಲ್ಲಿ ಪಾಸಿನ ಬೆಲೆ ಇಟ್ಟು ನೋಡಿದರೆ ಹಳೆಯ ರೈಲು ಬಡವರ ಪಾಲಿಗೆ ಏನೆಂಬುದು ತಿಳಿಯುತ್ತದೆ.

ಆದರೆ ಪಾಸಿಗೂ ಒಂದು ಗೆರೆ ಇದೆ. 150 ಕಿ.ಮೀ. ಮೀರಿದ ದೂರಕ್ಕೆ ಸೀಸನ್ ಟಿಕೆಟ್ ಕೊಡುವುದಿಲ್ಲ. ತಿಪಟೂರು ಆ ಗೆರೆಯ ಒಳಗಿದೆ. ಸುಮಾರು 25 ಕಿ.ಮೀ. ಮುಂದಿರುವ ಅರಸೀಕೆರೆ ಹೊರಗೆ ಉಳಿಯುತ್ತದೆ. ನಿಯಮ ಮಾಡಿದವರು ಅರಸೀಕೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಗೆರೆ ಎಳೆದದ್ದಲ್ಲ. ಅಷ್ಟು ದೂರದಿಂದ ದಿನವೂ ಬಂದುಹೋಗುವುದು ಮನುಷ್ಯನಿಗೆ ಆಗದ ಕೆಲಸ ಎಂಬ ತಿಳಿವಳಿಕೆ ಆ ನಿಯಮದಲ್ಲಿ ಅಡಗಿರುವಂತಿದೆ.

ಲೆಕ್ಕ ಹಾಕಿ ನೋಡೋಣ. ನಿಲ್ದಾಣಕ್ಕೆ ಹೋಗುವುದು, ಕಾಯುವುದು, ಇಳಿದ ಮೇಲೆ ಬಸ್ಸು ಹಿಡಿಯುವುದು ಎಲ್ಲ ಸೇರಿ ಒಂದು ಬದಿಗೆ ಮೂರು ಗಂಟೆ ಎಂದರೆ ದಿನಕ್ಕೆ ಆರು ಗಂಟೆ. ತಿಂಗಳಿಗೆ 25 ದಿನದಂತೆ 150 ಗಂಟೆ. ಎಂದರೆ ತಿಂಗಳಲ್ಲಿ ಆರು ಹಗಲು ಆರು ರಾತ್ರಿ ಗಾಡಿಯಲ್ಲೇ ಕಳೆದಂತೆ. ಹದಿನೆಂಟರ ಹುಡುಗ ಒಂದು ವಾರ ಇದನ್ನು ಹುರುಪಿನಿಂದ ಮಾಡಿಯಾನು. ಪರೀಕ್ಷೆಯ ತಿಂಗಳಲ್ಲಿ ಓದುವುದು ಯಾವಾಗ, ನಿದ್ದೆ ಯಾವಾಗ? ತಡರಾತ್ರಿ ನಿಲ್ದಾಣದಲ್ಲಿ ಇಳಿಯುವ ಮಗಳನ್ನು ಕರೆತರುವವರು ಯಾರು? ತಂದೆತಾಯಿಯರು ದರಪಟ್ಟಿಯ ಜೊತೆಗೆ ಈ ಪ್ರಶ್ನೆಗಳನ್ನೂ ಕೇಳಿಕೊಳ್ಳಬೇಕು.

ಅರಸೀಕೆರೆಯ ಉಪನಗರಗಳು

ಹಾಗೆಂದು ಅರಸೀಕೆರೆಯ ಮಕ್ಕಳಿಗೆ ರೈಲಿನಿಂದ ಉಪಯೋಗವಿಲ್ಲ ಎಂದಲ್ಲ. ಎಲ್ಲರೂ ಬೆಂಗಳೂರಿನ ಕಡೆಯೇ ಮುಖ ಮಾಡಿ ನಿಂತಾಗ ಒಂದು ಸಂಗತಿ ಮರೆತುಹೋಗುತ್ತದೆ. ಜಂಕ್ಷನ್ ಎಂದರೆ ಮೂರು ದಿಕ್ಕು. ಒಂದು ಕಡೆ ತಿಪಟೂರು, ಇನ್ನೊಂದು ಕಡೆ 47 ಕಿ.ಮೀ. ದೂರದ ಹಾಸನ, ಮತ್ತೊಂದು ಕಡೆ ಕಡೂರು-ಬೀರೂರು. ಹಾಸನದಲ್ಲಿ 1960ರಿಂದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿದೆ. ತುಮಕೂರಿನಲ್ಲಿ 1963ರಿಂದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವಿದೆ. ತಿಪಟೂರಿನಲ್ಲಿಯೂ ಕಾಲೇಜುಗಳಿವೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗಿನ ಹಾದಿ ಉಪನಗರ ರೈಲಿಗೆ ತಕ್ಕದ್ದು ಎಂದಾದರೆ, ತಿಪಟೂರು, ಹಾಸನ, ಕಡೂರುಗಳು ಅರಸೀಕೆರೆಯ ಅಳತೆಗೆ ಸರಿಯಾಗಿ ಕೂರುತ್ತವೆ.

ಇದಕ್ಕೆ ಸುರಂಗ ಕೊರೆಯಬೇಕಾಗಿಲ್ಲ, ಕಂಬ ಎತ್ತಬೇಕಾಗಿಲ್ಲ. ಹಳಿ ಇದೆ, ನಿಲ್ದಾಣಗಳಿವೆ. ಕಾಲೇಜಿನ ಗಂಟೆ ಹೊಡೆಯುವ ಮೊದಲು ತಲುಪುವ ಒಂದು ಗಾಡಿ, ತರಗತಿ ಬಿಟ್ಟ ಮೇಲೆ ಹೆಚ್ಚು ಕಾಯಿಸದೆ ಹೊರಡುವ ಇನ್ನೊಂದು ಗಾಡಿ, ಅವು ವರ್ಷವಿಡೀ ಹೇಳಿದ ಹೊತ್ತಿಗೆ ಬರುವ ಭರವಸೆ ಇಷ್ಟು ಸಾಕು. ಓಡಾಡುವವರಿಗೆ ಗಾಡಿಯ ಗರಿಷ್ಠ ವೇಗಕ್ಕಿಂತ ಈ ಭರವಸೆ ದೊಡ್ಡದು. ಎಂಟು ಗಂಟೆಯ ಗಾಡಿ ಒಂದು ದಿನ ಎಂಟಕ್ಕೂ ಮರುದಿನ ಒಂಬತ್ತಕ್ಕೂ ಬಂದರೆ ಪಾಸು ಉಚಿತವಾದರೂ ವಿದ್ಯಾರ್ಥಿ ಬಸ್ಸನ್ನೇ ಹಿಡಿಯುತ್ತಾನೆ.

ವೇಳಾಪಟ್ಟಿ ಆಕಾಶದಿಂದ ಇಳಿಯುವುದಿಲ್ಲ. ಅದನ್ನು ರೈಲ್ವೆ ಅಧಿಕಾರಿಗಳು ಕುಳಿತು ಬರೆಯುತ್ತಾರೆ, ಆಗಾಗ ತಿದ್ದುತ್ತಾರೆ. ಅರಸೀಕೆರೆ ಇರುವುದು ನೈರುತ್ಯ ರೈಲ್ವೆಯ ಮೈಸೂರು ವಿಭಾಗದಲ್ಲಿ. ಯಾವ ಕಾಲೇಜಿಗೆ ಯಾವ ಊರಿನಿಂದ ಎಷ್ಟು ಮಕ್ಕಳು ಬರುತ್ತಾರೆ, ತರಗತಿ ಎಷ್ಟಕ್ಕೆ ಆರಂಭ, ಎಷ್ಟಕ್ಕೆ ಮುಕ್ತಾಯ ಎಂಬ ಪಟ್ಟಿಯನ್ನು ಕಾಲೇಜಿನವರೂ ಪೋಷಕರೂ ಸೇರಿ ಮಾಡಿ ವಿಭಾಗದ ಕಚೇರಿಗೆ ಕೊಡುವುದು ಕಷ್ಟದ ಕೆಲಸವಲ್ಲ. ಬರಿಯ 'ರೈಲು ಬೇಕು' ಎಂಬ ಮನವಿಗಿಂತ ಅಂಕಿಗಳುಳ್ಳ ಮನವಿಗೆ ತೂಕ ಹೆಚ್ಚು. ವಿದ್ಯಾರ್ಥಿಗಳೇ ತಮ್ಮ ತರಗತಿಗಳಿಂದ ಈ ಲೆಕ್ಕವನ್ನು ಸಂಗ್ರಹಿಸಬಹುದು. ಸಂಖ್ಯಾಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗಲಾರದು.

ಬೆಂಗಳೂರಿನ ಮೆಟ್ರೊ ಯಾವ ಊರಿನವರೆಗೆ ಬಂದೀತೆಂದು ಕಾಯುವುದು ಒಂದು ದಾರಿ. ಮನೆಯ ಮುಂದೆ ಇರುವ ಹಳಿಯ ಮೇಲೆ ಬೆಳಿಗ್ಗೆ ಎಂಟಕ್ಕೆ ಒಂದು ಗಾಡಿ ಕೇಳುವುದು ಇನ್ನೊಂದು ದಾರಿ. ಈ ವರ್ಷ ಕಾಲೇಜು ಸೇರುವ ಮಕ್ಕಳಿಗೆ ನೆರವಾಗಬಲ್ಲದ್ದು ಎರಡನೆಯದು.